ಹತ್ತೇ ನಿಮಿಷದಲ್ಲಿ ಆಕಾಶ ಕಳಚಿ ಬಿತ್ತು: ಗಾಡೀಲಿ ಸಿಕ್ಕಿಹಾಕ್ಕೊಂಡೋರು ಏನ್ ಮಾಡ್ಬೇಕು?

ಕೊಡೆಮರೆತವ (ಚರ್ಚೆ ಶುರು ಮಾಡಿದವರು)

ನಿನ್ನೆ ಮಧ್ಯಾಹ್ನ ಮೂರೂವರೆ. ರಿಪೇರಿಗೆ ಕೊಟ್ಟ ಕನ್ನಡಕ ತರೋಣ ಅಂತ ಗಾಡಿ ತಗೊಂಡು ಹೊರಟೆ. ಇಪ್ಪತ್ತು ನಿಮಿಷದ ದಾರಿ. ಸುಡು ಬಿಸಿಲು, ಬೆನ್ನೆಲ್ಲ ಬೆವರು. ದೂರದಲ್ಲಿ ಒಂದು ದೊಡ್ಡ ಮೋಡ ಇತ್ತು, ಇರಲಿಲ್ಲ ಅನ್ನಲ್ಲ. ಅದರ ಪಾಡಿಗೆ ಅದಿತ್ತು, ನನ್ನ ಪಾಡಿಗೆ ನಾನು.

ಅರ್ಧ ದಾರೀಲಿ ಇದ್ದಕ್ಕಿದ್ದಂಗೆ ತಣ್ಣನೆ ಗಾಳಿ. ಹಾಯಾಗಿದೆಯಲ್ಲ ಅಂತ ಜಾಕೆಟ್ಟಿನ ಜಿಪ್ ಬೇರೆ ಇಳಿಸಿದೆ. ಎರಡು ನಿಮಿಷ ಆಗಿಲ್ಲ, ಧೂಳೆದ್ದು ಮುಖಕ್ಕೆ ರಾಚ್ತು. ಎಲ್ಲಿಂದಲೋ ಕಿತ್ತು ಬಂದ ತಗಡಿನ ಬೋರ್ಡು ಟಾರಿನ ಮೇಲೆ ಕರಕರ ಉಜ್ಜಿಕೊಂಡು ಮುಂದಿನ ಚಕ್ರದ ಪಕ್ಕದಲ್ಲೇ ಹಾದು ಹೋಯ್ತು. ಆಮೇಲೆ ಮಳೆ. ಹೆಲ್ಮೆಟ್ಟಿನ ಗಾಜು ಇಳಿಸಿದ್ರೆ ಏನೂ ಕಾಣಲ್ಲ, ಎತ್ತಿದ್ರೆ ಕಣ್ಣು ಬಿಡಕ್ಕಾಗಲ್ಲ.

ರಸ್ತೆ ಪಕ್ಕ ಒಂದು ದೊಡ್ಡ ಮರ. ಆಗಲೇ ಆರೇಳು ಜನ ನಿಂತಿದ್ರು, ನಾನೂ ಸೇರಿಕೊಂಡೆ. ಎದುರಿನ ವಸತಿ ಕಟ್ಟಡದ ನೆಲಮಾಳಿಗೆ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತು, "ಮರದ ಕೆಳಗೆ ನಿಲ್ಲಬೇಡ್ರೋ, ಬುದ್ಧಿ ಇಲ್ವೇನ್ರೋ, ಈಚೆ ಬನ್ರೋ" ಅಂತ ಒಂದೇ ಸಮ ಕೂಗ್ತಿದ್ರು. ನಿಜ ಹೇಳ್ತೀನಿ, ನನಗೆ ಸಿಟ್ಟು ಬಂತು. ಒಬ್ಬ ನಕ್ಕ. ಮೂರನೇ ಸಲ ಕೂಗಿದಾಗ ಬೈಸಿಕೊಳ್ಳಕ್ಕೆ ನಾಚಿಕೆ ಆಗಿ ಓಡಿದೆ, ನನ್ನ ಹಿಂದೆ ನಾಲ್ಕು ಜನ. ಮೂವರು ಅಲ್ಲೇ ಉಳಿದ್ರು.

ಬೆಳಕು, ಸದ್ದು ಎರಡೂ ಒಟ್ಟಿಗೇ. ನಾವು ನಿಂತಿದ್ದ ಮರ ಅಲ್ಲ, ಅದರಾಚೆ ಮೂರನೆಯದು. ತುದಿಯಿಂದ ಬುಡದವರೆಗೆ ತೊಗಟೆ ಸೀಳಿ ಒಳಗಿನ ಬಿಳಿ ಮರ ಕಾಣ್ತಿತ್ತು. ಆ ಮೂವರು ಹೇಗೆ ರಸ್ತೆ ದಾಟಿ ಬಂದ್ರೋ ನೋಡಲೇ ಇಲ್ಲ, ನೋಡಿದಾಗ ಪಕ್ಕದಲ್ಲಿದ್ರು. ಯಾರಿಗೂ ಏನೂ ಆಗಲಿಲ್ಲ. ಆದ್ರೆ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ.

ಮರದ ಕೆಳಗೆ ನಿಂತಿದ್ದು ತಪ್ಪು, ಒಪ್ಪಿದೆ. ಆದ್ರೆ ಆ ಕಟ್ಟಡ ಇಲ್ಲದೇ ಇದ್ದಿದ್ರೆ? ಮತ್ತೆ, ಇದು ಮೊದಲೇ ಗೊತ್ತಾಗೋ ಹಾಗಿತ್ತಾ?

ನಿದ್ದೆಗೇಡಿ

ಅಬ್ಬಾ. ಓದಿದ್ರೇನೇ ಮೈ ಜುಂ ಅಂತು. ಆ ಹೆಂಗಸಿಗೆ ಒಂದು ನಮಸ್ಕಾರ.

ಮೋಡಗಣ್ಣ

ಗೊತ್ತಾಗೋ ಹಾಗಿತ್ತು ಸರ್. ನೀವೇ ಬರೆದಿದ್ದೀರಿ, ಹಾಯಾಗಿದೆ ಅಂತ ಜಿಪ್ ಇಳಿಸಿದೆ ಅಂತ. ಆ ತಣ್ಣನೆ ಗಾಳಿ ಎಲ್ಲಿಂದ ಬಂತು ಅಂದ್ಕೊಂಡ್ರಿ? ಮೋಡದಿಂದ ಬೀಳ್ತಿರೋ ಮಳೆಯಲ್ಲಿ ಒಂದಷ್ಟು ಹಾದೀಲೇ ಆವಿ ಆಗುತ್ತೆ. ಆವಿ ಆಗುವಾಗ ಸುತ್ತಲ ಗಾಳಿಯ ಶಾಖ ಹೀರುತ್ತೆ. ಗಾಳಿ ತಣ್ಣಗಾಗಿ ಭಾರವಾಗಿ ಧಡಾರನೆ ಕೆಳಗೆ ಬೀಳುತ್ತೆ, ನೆಲಕ್ಕೆ ಬಡಿದು ಸುತ್ತ ಹರಡುತ್ತೆ. ನೆಲಕ್ಕೆ ಒಂದು ಬಿಂದಿಗೆ ನೀರು ಸುರಿದ್ರೆ ಹೇಗೆ ಹರಡುತ್ತೋ ಹಾಗೆ. ಆ ಹರಡೋ ಗಾಳಿ ಮಳೆಗಿಂತ ಕೆಲವು ಕಿಲೋಮೀಟರ್ ಮುಂದೆ ಓಡ್ತಿರುತ್ತೆ. ಸುಡು ಬಿಸಿಲಲ್ಲಿ ಒಮ್ಮೆಲೇ ತಂಪು ಗಾಳಿ ಬೀಸಿದ್ರೆ ಅದು ಹಿತ ಅಲ್ಲ, ಮೋಡ ಮನೆಬಾಗಿಲಿಗೆ ಬಂದಿದೆ ಅಂತ.

ಮೋಡದ ಆಕಾರಾನೂ ನೋಡಿ. ಹೂಕೋಸಿನ ಹಾಗೆ ಗುಪ್ಪೆಗುಪ್ಪೆಯಾಗಿ ಮೇಲೆ ಬೆಳೀತಾ, ಕೊನೆಗೆ ತಲೆ ಚಪ್ಪಟೆಯಾಗಿ ಕಮ್ಮಾರನ ಅಡಿಗಲ್ಲಿನ ಹಾಗೆ ಒಂದು ಕಡೆ ಚಾಚಿಕೊಂಡ್ರೆ ಅದು ಗುಡುಗಿನ ಮೋಡ. ಎತ್ತರ ಹತ್ತು ಹನ್ನೆರಡು ಕಿಲೋಮೀಟರ್, ಸಮಭಾಜಕದ ಹತ್ತಿರ ಇನ್ನೂ ಜಾಸ್ತಿ.

ರಸ್ತೆಹುಲಿ

ಇಪ್ಪತ್ತೆರಡು ವರ್ಷದಿಂದ ಗಾಡಿ ಓಡಿಸ್ತಿದ್ದೀನಿ. ಎಷ್ಟು ಸಲ ಮರದ ಕೆಳಗೆ ನಿಂತಿದ್ದೀನೋ ಲೆಕ್ಕ ಇಲ್ಲ. ಏನಾಗಿದೆ? ಈಗಿನವರು ನಾಲ್ಕು ಹನಿ ಬಿದ್ರೆ ಪ್ರಬಂಧ ಬರೀತೀರಪ್ಪ.

ಎರಡನೇಪಾಳಿ

@ರಸ್ತೆಹುಲಿ ಏನಾದರೂ ಆದವರು ಇಲ್ಲಿ ಬಂದು ಬರೆಯಲ್ಲ ಸರ್. ಹಾಗಾಗಿ ನಿಮ್ಮಂಥವರ ಮಾತೇ ಕೇಳಿಸ್ತಿರುತ್ತೆ.

ರಸ್ತೆಹುಲಿ

ಮಾತಿಗೆ ಮಾತು ಚೆನ್ನಾಗಿದೆ. ಸರಿ, ಮರ ಬೇಡ. ಗಾಡಿ ಬಿಟ್ಟು ಇಳಿಯೋದು ಯಾಕೆ? ರಬ್ಬರ್ ಟೈರ್ ಇದೆಯಲ್ಲ, ಕರೆಂಟು ಹೊಡೆಯಲ್ಲ.

ಕರೆಂಟುಕೆಲಸ

ಈ ಟೈರ್ ಕಥೆ ಸಾಯೋದೇ ಇಲ್ಲ ನೋಡಿ. ಮೋಡದಿಂದ ಕಿಲೋಮೀಟರ್‌ಗಟ್ಟಲೆ ಗಾಳಿ ಸೀಳಿಕೊಂಡು ಬರೋ ಸಿಡಿಲಿಗೆ ನಿಮ್ಮ ನಾಲ್ಕು ಬೆರಳಗಲ ರಬ್ಬರ್ ಏನ್ ಲೆಕ್ಕ? ಕಾರಲ್ಲಿ ಕೂತವರು ಉಳಿಯೋದು ಟೈರಿಂದ ಅಲ್ಲ. ಸುತ್ತ ಲೋಹದ ಚಿಪ್ಪು ಇರುತ್ತೆ, ಕರೆಂಟು ಆ ಚಿಪ್ಪಿನ ಹೊರಮೈಯಲ್ಲೇ ಹರಿದು ನೆಲಕ್ಕೆ ಹೋಗುತ್ತೆ. ಬೈಕಿಗೆ ಚಿಪ್ಪೆಲ್ಲಿದೆ? ಬೈಕಿನ ಮೇಲೆ ನೀವೇ ಎತ್ತರದ ವಸ್ತು.

ಕಾರಾದ್ರೂ ಕಿಟಕಿ ಮುಚ್ಚಿರಬೇಕು. ಅಮೆರಿಕದ ವರ್ಜೀನಿಯಾದಲ್ಲಿ ರಾಯ್ ಸಲ್ಲಿವನ್ ಅಂತ ಅರಣ್ಯ ರಕ್ಷಕ ಇದ್ದ. 1942ರಿಂದ 1977ರ ಒಳಗೆ ಏಳು ಸಲ ಸಿಡಿಲು ಹೊಡೆಸಿಕೊಂಡು ಏಳೂ ಸಲ ಬದುಕಿದ. ಅದರಲ್ಲಿ 1969ರದ್ದು ಟ್ರಕ್ಕಿನಲ್ಲಿ ಕೂತಿದ್ದಾಗ. ಪಕ್ಕದ ಮರಕ್ಕೆ ಬಡಿದು, ತೆರೆದಿದ್ದ ಕಿಟಕಿಯಿಂದ ಒಳಗೆ ಬಂತು.

ನಿದ್ದೆಗೇಡಿ

ಏಳು ಸಲ!! ಏಳನೇ ಸಲದ ಹೊತ್ತಿಗೆ ಅವನ ಜೊತೆ ವಾಕಿಂಗ್ ಹೋಗೋರು ಯಾರಾದ್ರೂ ಇದ್ರಾ?

ಗಿರಗಿಟ್ಲೆ

ನನ್ನದೊಂದು. ಟೆರೇಸಿನಲ್ಲಿ ಬಟ್ಟೆ ತೆಗೀತಿದ್ದೆ, ಇನ್ನೂ ಒಂದು ಹನಿ ಬಿದ್ದಿರಲಿಲ್ಲ. ಕಬ್ಬಿಣದ ತಂತಿಗೆ ಕೈ ಚಾಚಿದೆ ನೋಡಿ, ಮೊಣಕೈವರೆಗೆ ಕೂದಲೆಲ್ಲ ನೆಟ್ಟಗೆ ನಿಂತಿತು. ತಂತಿ ಸಣ್ಣಗೆ ಸುಯ್ಯ್ ಅಂತಿತ್ತು, ದೂರದಲ್ಲಿ ಜೀರುಂಡೆ ಕೂಗಿದ ಹಾಗೆ. ಮೊದಲು ಕಿವಿಯದ್ದೇ ಏನೋ ಅಂದ್ಕೊಂಡೆ. ಆಮೇಲೆ ಎಲ್ಲ ಬಿಟ್ಟು ಮೆಟ್ಟಿಲಿಗೆ ಓಡಿದೆ. ಬಾಗಿಲು ಎಳ್ಕೊಳ್ಳೋಕೂ ಹಿಂದೆ ಬೆಳಕಾಗೋಕೂ ಸರಿಹೋಯ್ತು. ಎಲ್ಲಿ ಬಿತ್ತೋ ಗೊತ್ತಿಲ್ಲ, ನಮ್ಮ ಮನೆ ಮೇಲಂತೂ ಅಲ್ಲ.

ಕರೆಂಟುಕೆಲಸ

@ಗಿರಗಿಟ್ಲೆ ಅಕ್ಕ, ನೀವು ಮಾಡಿದ್ದು ನೂರಕ್ಕೆ ನೂರು ಸರಿ. ಕೂದಲು ನಿಂತ್ರೆ, ಲೋಹ ಸದ್ದು ಮಾಡಿದ್ರೆ, ನೆಲದಿಂದ ಮೇಲಕ್ಕೆ ವಿದ್ಯುತ್ತಿನ ಎಳೆ ಏಳ್ತಿದೆ ಅಂತ ಅರ್ಥ. ಮೋಡದಿಂದ ಇಳಿಯೋದು ಅದನ್ನ ಸಂಧಿಸಿದ ಕ್ಷಣ ಸಿಡಿಲು. ಅಲ್ಲಿ ಯೋಚನೆ ಮಾಡ್ತಾ ನಿಲ್ಲೋ ಹಾಗಿಲ್ಲ.

ಹಳೇರೇಡಿಯೋ

ಬಟ್ಟೆ ಏನಾಯ್ತಮ್ಮ?

ಗಿರಗಿಟ್ಲೆ

ಉಳಿದದ್ದೆಲ್ಲ ಸಿಕ್ತು. ಒಂದು ಹೊದಿಕೆ ಮಾತ್ರ ಪಕ್ಕದ ಮನೆ ನೀರಿನ ಟ್ಯಾಂಕಿಗೆ ಮುಂಡಾಸು ಸುತ್ತಿದ ಹಾಗೆ ಸುತ್ತಿಕೊಂಡಿತ್ತು. ಕೇಳಕ್ಕೆ ನಾಚಿಕೆಯಾಗಿ ಎರಡು ದಿನ ಬಿಟ್ಟೆ, ಅವರೇ ಮಡಿಚಿ ತಂದುಕೊಟ್ರು.

ಚಾರ್ಜರ್‌ಇಲ್ಲ

ಮುಖ್ಯವಾದ್ದು ಯಾರೂ ಹೇಳಲಿಲ್ಲ. ಮೊಬೈಲ್ ಸ್ವಿಚ್ ಆಫ್ ಮಾಡಿ! ಮೊಬೈಲ್ ಸಿಗ್ನಲ್ ಸಿಡಿಲನ್ನ ಎಳೆಯುತ್ತೆ.

ಕರೆಂಟುಕೆಲಸ

ಎಳೆಯಲ್ಲ. ಗೋಡೆಗೆ ವೈರ್ ಇರೋ ಹಳೇ ಫೋನ್ ಬೇರೆ ಮಾತು, ಆ ವೈರ್ ಹಿಡ್ಕೊಂಡು ಕರೆಂಟು ಒಳಗೆ ಬರಬಹುದು. ಕೈಯಲ್ಲಿರೋ ಮೊಬೈಲ್ ಪಾಡಿಗೆ ಅದು. ಆದ್ರೆ ಚಾರ್ಜಿಗೆ ಹಾಕಿ ಮಾತಾಡಬೇಡಿ. ಸ್ನಾನ, ಪಾತ್ರೆ ತೊಳೆಯೋದೂ ಅರ್ಧ ಗಂಟೆ ತಡೀಬಹುದು, ನಲ್ಲಿ ಪೈಪಲ್ಲೂ ಬರುತ್ತೆ.

ಚಾರ್ಜರ್‌ಇಲ್ಲ

ನಮ್ಮ ಮಾವ ಹೇಳಿದ್ದು ಹಾಗಾದ್ರೆ ಸುಳ್ಳಾ?

ಎರಡನೇಪಾಳಿ

ಮಾವಂದಿರು ಹೇಳಿದ್ದೆಲ್ಲ ಪರಿಶೀಲಿಸಕ್ಕೆ ಹೊರಟ್ರೆ ಬೇರೆ ಚರ್ಚೆನೇ ತೆರೀಬೇಕಾಗುತ್ತೆ.

ಹೊಲದಾಂವ

ಎಲ್ಲಾರೂ ಕಟ್ಟಡಕ್ಕ ಓಡ್ರಿ, ಕಾರಿನ್ಯಾಗ ಕುಂದರ್ರಿ ಅಂತೀರಿ. ಛಲೋ ಐತಿ. ನಾ ಹೊಲದಾಗ ಕೆಲಸ ಮಾಡಾಂವ. ಸುತ್ತ ಎರಡ ಮೈಲಿ ಕಟ್ಟಡನ ಇಲ್ಲ. ಇರೂದು ಒಂದ ಗಿಡ, ಅದರ ಬುಡಕ ನಿಂದರಬ್ಯಾಡ ಅಂತೀರಿ. ಮತ್ತ ಎಲ್ಲಿ ಹೋಗೂದ್ರಿ?

ಶಾಲೆಚೀಲ

@ಹೊಲದಾಂವ ಅಣ್ಣಾ, ನಾವು ಓದುವಾಗ ಹೇಳಿಕೊಟ್ಟಿದ್ದು: ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂತು, ತಲೆ ತಗ್ಗಿಸಿ, ಕಿವಿ ಮುಚ್ಕೊಳ್ಳಿ.

ಮೋಡಗಣ್ಣ

ಅದು ಹಳೇ ಪಾಠ. ಅಮೆರಿಕದ ಹವಾಮಾನ ಸೇವೆಯವರು 2008ರಲ್ಲಿ ಆ ಸಲಹೆ ಕೈಬಿಟ್ಟರು. ಕೂತ ಮಾತ್ರಕ್ಕೆ ರಕ್ಷಣೆ ಸಿಗಲ್ಲ, ಕೂತಷ್ಟು ಹೊತ್ತೂ ಬಯಲಲ್ಲೇ ಇರ್ತೀವಿ. ಆ ಹೊತ್ತಲ್ಲಿ ಸುರಕ್ಷಿತ ಜಾಗದ ಕಡೆ ನಡೀತಿರಿ ಅಂತ ಅವರ ಮಾತು.

ಶಾಲೆಚೀಲ

ಹಾಗಂತ ಪಾದ ಜೋಡಿಸೋದು ಸುಳ್ಳಾಗಲ್ಲವಲ್ಲ? ನೆಲದಲ್ಲಿ ಕರೆಂಟು ಹರಡೋದು ನಿಜ ತಾನೇ?

ಕರೆಂಟುಕೆಲಸ

ನಿಜಾನೇ, ಬಹಳ ಜನ ತಿಳ್ಕೊಳ್ಳದೇ ಇರೋದು ಅದನ್ನೇ. ಸಿಡಿಲು ನೆತ್ತಿಗೇ ಬಡೀಬೇಕು ಅಂತಿಲ್ಲ. ಮರಕ್ಕೆ ಬಡಿದದ್ದು ಬುಡದಿಂದ ನೆಲದಲ್ಲಿ ಸುತ್ತ ಹರಡುತ್ತೆ. ಎರಡು ಕಾಲಿನ ನಡುವೆ ಅಂತರ ಇದ್ರೆ ಒಂದು ಕಾಲಲ್ಲಿ ಹತ್ತಿ ಇನ್ನೊಂದರಲ್ಲಿ ಇಳಿಯುತ್ತೆ. ದನಕರುಗಳಿಗೆ ಜಾಸ್ತಿ ಅಪಾಯ ಅದಕ್ಕೇ, ಮುಂಗಾಲಿಗೂ ಹಿಂಗಾಲಿಗೂ ದೂರ ಇರುತ್ತೆ, ನಡುವೆ ಎದೆ. 2016ರ ಆಗಸ್ಟಿನಲ್ಲಿ ನಾರ್ವೆಯ ಹಾರ್ಡಂಗರ್‌ವಿಡ್ಡಾ ಪ್ರಸ್ಥಭೂಮಿಯಲ್ಲಿ 323 ಹಿಮಸಾರಂಗಗಳು ಒಂದೇ ಕಡೆ ಸತ್ತು ಬಿದ್ದಿದ್ದವು. ಬಿರುಗಾಳಿಗೆ ಹೆದರಿ ಒತ್ತೊತ್ತಾಗಿ ನಿಂತಿದ್ದ ಹಿಂಡು.

ಅದಕ್ಕೆ, ಗುಂಪಾಗಿದ್ರೆ ಒಬ್ಬರಿಂದ ಒಬ್ಬರು ದೂರ ನಿಲ್ಲಿ. ಒಬ್ಬರಿಗೆ ಹೊಡೆದ್ರೆ ಇನ್ನೊಬ್ಬರಾದ್ರೂ ಎದೆ ಒತ್ತಕ್ಕೆ ಇರಬೇಕು. ಮತ್ತೆ, ಸಿಡಿಲು ಬಡಿದವರನ್ನ ಮುಟ್ಟಿದ್ರೆ ಶಾಕ್ ಹೊಡೆಯುತ್ತೆ ಅಂತ ದೂರ ನಿಂತು ನೋಡ್ತಾರಲ್ಲ, ಅದು ಶುದ್ಧ ತಪ್ಪು. ಮೈಯಲ್ಲಿ ಕರೆಂಟು ಉಳಿದಿರಲ್ಲ. ಉಸಿರು ನಿಂತಿದ್ರೆ ತಕ್ಷಣ ಎದೆ ಒತ್ತಬೇಕು.

ಹೊಲದಾಂವ

ಸಾರಂಗದ ಕತಿ ಆತು. ನನ್ನ ಪ್ರಶ್ನಿಗೆ ಉತ್ತರ ಬರಲಿಲ್ಲ.

ಮೋಡಗಣ್ಣ

ಪೂರ್ತಿ ಉತ್ತರ ಇಲ್ಲ ಅಣ್ಣಾ, ಇದೆ ಅಂತ ಸುಳ್ಳು ಹೇಳಲ್ಲ. ದಿಣ್ಣೆ ಮೇಲಿದ್ರೆ ಇಳಿಯಿರಿ, ಒಂಟಿ ಮರ, ತಂತಿ ಬೇಲಿ, ನೀರಿಂದ ದೂರ ಇರಿ. ಮುಖ್ಯ ಅಂದ್ರೆ ಮೊದಲನೇ ಗುಡುಗು ಕೇಳಿದ ಕೂಡಲೇ ಹೊರಡಬೇಕು, ಮಳೆ ಬರೋವರೆಗೆ ಕಾಯಬಾರದು. ಮಿಂಚು ಕಂಡಾಗಿಂದ ಗುಡುಗು ಕೇಳೋವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರ ಒಳಗೆ ಬಂದ್ರೆ ಹತ್ತು ಕಿಲೋಮೀಟರ್ ಒಳಗಿದೆ ಅಂತ, ಮುಂದಿನದು ನಿಮ್ಮ ಹತ್ತಿರಾನೇ ಬೀಳಬಹುದು.

ಹೊಲದಾಂವ

ಮೊದಲನೇ ಗುಡುಗಿಗೆ ಮನಿ ಹಾದಿ ಹಿಡದ್ರ ಬಿತ್ತಿಗಿ ಯಾರ ಮಾಡ್ತಾರ್ರಿ? ಮಳಿಗಾಲದಾಗ ದಿನಾ ಗುಡಗತೈತಿ.

ಮೋಡಗಣ್ಣ

ಅದಕ್ಕೆ ನನ್ನ ಹತ್ರ ಮಾತಿಲ್ಲ.

ನಾಲ್ಕುಚಕ್ರ

ಎಲ್ಲರೂ ಸಿಡಿಲಿನ ಹಿಂದೆ ಬಿದ್ದಿದ್ದೀರಿ, ನೀರಿನ ಮಾತು ಯಾರೂ ಎತ್ತಲಿಲ್ಲ. ನಾನು ಸಿಕ್ಕಿಹಾಕಿಕೊಂಡಿದ್ದು ರೈಲು ಸೇತುವೆ ಕೆಳಗಿನ ರಸ್ತೆಯಲ್ಲಿ. ಮುಂದಿನ ಲಾರಿ ದಾಟಿತು, ನಾನೂ ದಾಟ್ತೀನಿ ಅಂತ ನುಗ್ಗಿಸಿದೆ. ಮಧ್ಯದಲ್ಲಿ ಇಂಜಿನ್ ನಿಂತಿತು. ಕಾಲ ಬುಡದಲ್ಲಿ ತಣ್ಣಗಾಯ್ತು, ನೋಡಿದ್ರೆ ಕಾಲೊರಸು ತೇಲ್ತಿದೆ. ಬಾಗಿಲು ತಳ್ಳಿದೆ, ಜಗ್ಗಲಿಲ್ಲ. ಹೊರಗಿನ ನೀರು ಒತ್ತಿ ಹಿಡಿದಿತ್ತು. ಪುಣ್ಯಕ್ಕೆ ಕಿಟಕಿ ಗಾಜು ಇಳೀತು, ಅದರಲ್ಲೇ ತೂರಿ ಬಂದೆ. ಹೊರಗೆ ನಿಂತಾಗ ನೀರು ತೊಡೆಯವರೆಗೆ ಅಷ್ಟೇ. ಇಷ್ಟಕ್ಕೇ ಸಾಯ್ತಿದ್ನಲ್ಲ ಅನ್ನಿಸ್ತು.

ಮೋಡಗಣ್ಣ

ತೊಡೆಯವರೆಗೆ ಅಂದ್ರೆ ಕಡಿಮೆ ಏನಲ್ಲ ಸರ್. ರಭಸವಾಗಿ ಹರಿಯೋ ನೀರು 15 ಸೆಂಟಿಮೀಟರ್ ಇದ್ರೆ ದೊಡ್ಡವರ ಕಾಲೂ ಕೀಳುತ್ತೆ. 30 ಇದ್ರೆ ಸಣ್ಣ ಕಾರು ತೇಲಕ್ಕೆ ಶುರು. 60 ಸೆಂಟಿಮೀಟರ್ ಹರಿವು ಬಹುಪಾಲು ವಾಹನಗಳನ್ನ ಹೊತ್ತೊಯ್ಯುತ್ತೆ. ಲಾರಿ ದಾಟಿತು ಅಂತ ನುಗ್ಗಿದ್ದೇ ತಪ್ಪು.

ನಾಲ್ಕುಚಕ್ರ

ಅದನ್ನ ಮನೆಯಲ್ಲಿ ಆಗಲೇ ಹೇಳಿದ್ದಾರೆ, ಇದಕ್ಕಿಂತ ಜೋರಾಗಿ.

ಪದಪಾಠಿ

ಒಂದು ತಕರಾರು. ಅರ್ಧ ಜನ "ಮಿಂಚು ಬಡೀತು" ಅಂತ ಬರೀತಾರೆ. ಇಲ್ಲಿ ಸದ್ಯ ಯಾರೂ ಬರೆದಿಲ್ಲ, ಮುಂದೆ ಬರೆಯೋರಿಗೆ ಹೇಳ್ತಿದ್ದೀನಿ. ಮಿಂಚು ಕಣ್ಣಿಗೆ, ಗುಡುಗು ಕಿವಿಗೆ, ನೆಲಕ್ಕೆ ಬಡಿಯೋದು ಸಿಡಿಲು. ಮೂರಕ್ಕೂ ಬೇರೆಬೇರೆ ಮಾತು ಇಟ್ಕೊಂಡಿರೋ ಭಾಷೆ ನಮ್ಮದು, ಹಾಳು ಮಾಡಬೇಡಿ.

ಎರಡನೇಪಾಳಿ

ಯಾರೂ ಮಾಡದ ತಪ್ಪಿಗೆ ಮುಂಗಡ ಬೈಗುಳ 😄

ಹಳೇರೇಡಿಯೋ

ಬರಸಿಡಿಲು ಬಿಟ್ರಲ್ಲ ಪದಪಾಠಿಗಳೇ. ಮಳೆ ಇಲ್ಲದೇ ಬಡಿಯೋದು. ಕೆಟ್ಟ ಸುದ್ದಿಗೆ ಮಾತ್ರ ಆ ಮಾತು ಅಂದ್ಕೊಂಡಿದ್ದೆ, ನಿಜಕ್ಕೂ ಹಾಗೆ ಬೀಳುತ್ತಾ?

ಮೋಡಗಣ್ಣ

ಬೀಳುತ್ತೆ. ಮೋಡದ ಮೇಲ್ಭಾಗದಿಂದ ಪಕ್ಕಕ್ಕೆ ಹೊರಟು ಹದಿನೈದು ಇಪ್ಪತ್ತು ಕಿಲೋಮೀಟರ್ ಆಚೆ, ನೆತ್ತಿ ಮೇಲೆ ನೀಲಿ ಆಕಾಶ ಇರೋ ಕಡೆ ಬೀಳೋದುಂಟು. ಇನ್ನು ಮೋಡಗಳ ಒಳಗೇ ಓಡೋ ಮಿಂಚಿನ ಉದ್ದ ಕೇಳಿದ್ರೆ ನಂಬಲ್ಲ. 2017ರ ಅಕ್ಟೋಬರಿನಲ್ಲಿ ಅಮೆರಿಕದ ಮೇಲೆ ಒಂದೇ ಮಿಂಚು 829 ಕಿಲೋಮೀಟರ್ ಉದ್ದ ಹರಿದದ್ದನ್ನ ವಿಶ್ವ ಹವಾಮಾನ ಸಂಸ್ಥೆ ದಾಖಲೆ ಅಂತ ಒಪ್ಪಿದೆ.

ಹಳೇರೇಡಿಯೋ

ನಾನು ಕೇಳಿದ ಅತಿ ಭಯಂಕರ ಕಥೆ ವಿಲಿಯಂ ರ‍್ಯಾಂಕಿನ್‌ದು. ಅಮೆರಿಕದ ಯುದ್ಧ ವಿಮಾನದ ಪೈಲಟ್. 1959ರ ಜುಲೈ 26. ಗುಡುಗಿನ ಮೋಡದ ಮೇಲೆ ಸುಮಾರು 14 ಕಿಲೋಮೀಟರ್ ಎತ್ತರದಲ್ಲಿ ಇಂಜಿನ್ ಕೆಟ್ಟು ಹೊರಗೆ ಹಾರಿದ, ನೇರವಾಗಿ ಆ ಮೋಡದ ಹೊಟ್ಟೆಯೊಳಕ್ಕೆ. ಹತ್ತು ನಿಮಿಷದಲ್ಲಿ ಕೆಳಗೆ ಬರಬೇಕಾದವನು ಬಂದದ್ದು ನಲವತ್ತು ನಿಮಿಷದ ಮೇಲೆ. ಮೇಲೇಳೋ ಗಾಳಿ ಪ್ಯಾರಾಚೂಟ್ ಸಮೇತ ಮತ್ತೆಮತ್ತೆ ಮೇಲಕ್ಕೆ ಎಸೀತಿತ್ತಂತೆ. ಆಲಿಕಲ್ಲು ಮೈಗೆ ಬಡಿಯೋದು, ಬಾಯಿ ತೆರೆದ್ರೆ ಮಳೆನೀರು ತುಂಬೋದು. ಬದುಕಿ ಬಂದು ಪುಸ್ತಕಾನೂ ಬರೆದ.

ನಿದ್ದೆಗೇಡಿ

ನನ್ನ ಹೆಸರಿಗೆ ತಕ್ಕ ಹಾಗೆ ಇವತ್ತು ರಾತ್ರಿ ಆಯ್ತು ಬಿಡಿ.

ಕೊಡೆಮರೆತವ

ಇಷ್ಟೊಂದು ಉತ್ತರ ಬರುತ್ತೆ ಅಂದ್ಕೊಂಡಿರಲಿಲ್ಲ. ಇವತ್ತು ಬೆಳಿಗ್ಗೆ ಮತ್ತೆ ಆ ಜಾಗಕ್ಕೆ ಹೋಗಿದ್ದೆ. ತೊಗಟೆ ಚೂರುಗಳು ರಸ್ತೆಯ ಈಚೆವರೆಗೂ ಚೆಲ್ಲಿವೆ. ಒಂದನ್ನ ಎತ್ತಿಕೊಂಡೆ. ಮೊಣಕೈ ಉದ್ದ, ಹೊರಮೈ ಗರಗಸದ ಹಾಗೆ ಒರಟು, ಒಳಮೈ ಇನ್ನೂ ತೇವ, ನುಣುಪು. ಸುಟ್ಟ ಕಲೆ ಹುಡುಕಿದೆ, ಇರಲಿಲ್ಲ. ಹಸಿ ಮರದ ವಾಸನೆ ಅಷ್ಟೇ. ಸುಡದೇ ಹೀಗೆ ಸೀಳೋದು ಹೇಗೆ?

ಕರೆಂಟುಕೆಲಸ

ಸಿಡಿಲಿನ ಹಾದಿಯಲ್ಲಿ ಗಾಳಿ 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತೆ, ಸೂರ್ಯನ ಹೊರಮೈಗಿಂತ ಐದು ಪಟ್ಟು. ಆದ್ರೆ ಕಣ್ಣು ಮಿಟುಕಿಸೋದಕ್ಕಿಂತ ಕಡಿಮೆ ಹೊತ್ತು. ಉರಿ ಹತ್ತಕ್ಕೆ ಎಷ್ಟೋ ಸಲ ಆ ಹೊತ್ತು ಸಾಲಲ್ಲ. ತೊಗಟೆ ಒಳಗಿನ ರಸ ಮಾತ್ರ ಒಮ್ಮೆಲೇ ಆವಿಯಾಗಿ ಸಿಡಿಯುತ್ತೆ. ಮರ ಒಳಗಿಂದ ಒಡೆದದ್ದು ಅದು.

ರಸ್ತೆಹುಲಿ

ಆ ಹೆಂಗಸು ಸಿಕ್ಕಿದ್ರಾ? ಧನ್ಯವಾದ ಹೇಳಿದ್ರಾ?

ಕೊಡೆಮರೆತವ

ಸಿಕ್ಕಿದ್ರು. ಗೇಟಿನ ಹತ್ರ ಗಾಡಿ ನಿಲ್ಲಿಸಿ ಇಳಿಯೋಷ್ಟರಲ್ಲಿ "ಇಲ್ಲಿ ನಿಲ್ಲಿಸಬಾರದು, ಬೋರ್ಡು ಕಾಣಲ್ವಾ" ಅಂತ ಬಂದ್ರು. ನಿನ್ನೆ ನೀವು ಕರೆದವರಲ್ಲಿ ನಾನೂ ಒಬ್ಬ ಅಮ್ಮ ಅಂದೆ. ಒಂದು ಕ್ಷಣ ಮುಖ ನೋಡಿದ್ರು. "ಹೌದಾ. ಮಳೆ ನಿಂತ ಕೂಡಲೇ ಯಾಕೆ ಹೋದ್ರಿ? ನೀವು ಹೋದಮೇಲೂ ಎರಡು ಸಲ ಬಡೀತು" ಅಂದ್ರು. ಆಮೇಲೆ ಗಾಡಿ ತೆಗೆಸಿದ್ರು.

ಮೋಡಗಣ್ಣ

ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಕೊನೇ ಗುಡುಗು ಕೇಳಿ ಅರ್ಧ ಗಂಟೆ ಆಗೋವರೆಗೆ ಹೊರಗೆ ಬರಬಾರದು.

ಗಿರಗಿಟ್ಲೆ

ಮಳೆ ನಿಂತರೂ ಮರದ ಹನಿ ನಿಲ್ಲಲ್ಲ ಅಂತಾರಲ್ಲ, ಹಾಗೆ.

ರಸ್ತೆಹುಲಿ

ಸರಿ, ಒಪ್ಪಿದೆ. ಮರದ ಕೆಳಗೆ ನಿಲ್ಲಲ್ಲ. ಟೈರ್ ವಿಷಯ ಇನ್ನೂ ಯೋಚಿಸ್ತಿದ್ದೀನಿ.

ಕರೆಂಟುಕೆಲಸ

😐

ನಿದ್ದೆಗೇಡಿ

ಕನ್ನಡಕ?

ಕೊಡೆಮರೆತವ

ಅಂಗಡಿಗೆ ಇನ್ನೂ ಕರೆಂಟು ಬಂದಿಲ್ಲ, ನಾಳೆ ಬನ್ನಿ ಅಂದ್ರು. ಅದಿರಲಿ, ಹೆಲ್ಮೆಟ್ಟಿನ ಒಳಗಿನ ಸ್ಪಂಜು ಹಿಂಡಿದ್ರೆ ಇವತ್ತೂ ನೀರು ಬರ್ತಿದೆ, ವಾಸನೆ ಬೇರೆ. ಬಿಸಿಲಿಗಿಟ್ರೆ ಹಾಳಾಗುತ್ತಾ?

ನಾಲ್ಕುಚಕ್ರ

ಒಳಗಿನ ಮೆತ್ತೆ ಕಳಚಕ್ಕೆ ಬರುತ್ತಾ ನೋಡಿ, ಬಹಳಷ್ಟರಲ್ಲಿ ಗುಂಡಿ ಇರುತ್ತೆ. ತೆಗೆದು ಉಗುರುಬೆಚ್ಚಗಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಚಿಪ್ಪನ್ನ ಮಾತ್ರ ಬಿಸಿಲಿಗೆ ಇಡಬೇಡಿ.

ಹಳೇರೇಡಿಯೋ

ಟೆರೇಸಿನ ತಂತಿಗೆ ಸಿಕ್ಕಿಸಬೇಡಿ. ಗಿರಗಿಟ್ಲೆಯವರ ಪಕ್ಕದ ಮನೆ ಟ್ಯಾಂಕಿಗೆ ಹೊದಿಕೆ ಆಗಲೇ ಸಿಕ್ಕಿತ್ತು, ಇನ್ನು ಹೆಲ್ಮೆಟ್ ಬೇರೆ ಬೇಡ.